ಮಗ್ಗುಲಾಗಿ ಮಲಗಿರುವ ದೊರೆಯವರಿಗೆ

ಇಂದ: ಸುಲೋಚನಮ್ಮ, ಸರ್ಕಾರಿ ಶಾಲೆಯ ಮುಖ್ಯ ಶಿಕ್ಷಕಿ, ಹೋದ ಶುಕ್ರವಾರದಿಂದ ಬಿಡಾರ ಸೋಮವಾರಪೇಟೆ.

ಗೆ: ಶ್ರೀಮಾನ್ ದೊರೆಯವರು, ಆಸ್ಕರ್ ಜಾತಿಯ ಮೀನು, ಗಾಜಿನ ಬಂಗಲೆ, ದೊಡ್ಡಿಯಮ್ಮನವರ ಮನೆಯ ಜಗಲಿ, ಸಂತೆಮಾಳದ ಹಿಂದಿನ ಒಣಮೀನಿನವರ ಸಾಲು, ಗೋಣಿಕೊಪ್ಪಲು.

ವಿಷಯ: ತಾವು ಮೂರು ದಿನಗಳಿಂದ ಊಟ ಬಿಟ್ಟು ಮಲಗಿರುವ ಬಗ್ಗೆ ದೂರು, ಹಾಗೂ ಎದ್ದೇಳುವಂತೆ ಕೋರಿಕೆ.

ಮಾನ್ಯರೇ,

ಮೊದಲಿಗೆ ತಮ್ಮ ಕರಿಯ ಮೈಗೆ, ಅದರ ಮೇಲಿನ ಕೆಂಡದ ಬಣ್ಣದ ಪಟ್ಟೆಗಳಿಗೆ, ಬಾಲದ ಬುಡದಲ್ಲಿರುವ ಹುಸಿ ಕಣ್ಣಿಗೆ, ಹಾಗೂ ಏಳು ವರ್ಷ ನಮ್ಮ ಮನೆಯ ಟಿ.ವಿ. ಪಕ್ಕದ ನಾಲ್ಕಡಿ ಗಾಜಿನ ತೊಟ್ಟಿಯಿಂದ ನಮ್ಮೆಲ್ಲರನ್ನೂ ಆಳಿದ ತಮ್ಮ ಘನತೆಗೆ ನಮಸ್ಕಾರಗಳು. ಸಾಷ್ಟಾಂಗವಾಗಿಯೇ ಮಾಡಬೇಕೆಂದಿತ್ತು, ಮಂಡಿನೋವಿನ ಕಾರಣ ನಿಂತಲ್ಲಿಂದಲೇ ಮಾಡಿದ್ದೇನೆ, ಮನ್ನಿಸಬೇಕು. ನಾವಿಲ್ಲಿ ಕ್ಷೇಮ. ತಾವು ಅಲ್ಲಿ ಕ್ಷೇಮವಾಗಿಲ್ಲ, ಹೊಸ ಮನೆಗೆ ಹೋದ ಗುರುವಾರದಿಂದ ತೊಟ್ಟಿಯ ತಳದಲ್ಲಿ ಒಂದೇ ಮಗ್ಗುಲಿಗೆ ಬಿದ್ದುಕೊಂಡಿದ್ದೀರಿ, ಹಾಕಿದ ಸಿಗಡಿಯ ಕಡೆ ಕಣ್ಣೆತ್ತಿಯೂ ನೋಡುತ್ತಿಲ್ಲ ಎಂದು ದೊಡ್ಡಿಯಮ್ಮನವರು ಫೋನ್ ಮಾಡಿದ್ದರಿಂದ ಈ ದೂರು ಬರೆಯಬೇಕಾಗಿ ಬಂದಿದೆ.

ತಮಗೆ ಓದು ಬಾರದು. ಏಳು ವರ್ಷ ಒಬ್ಬ ಮುಖ್ಯ ಶಿಕ್ಷಕಿಯ ಮನೆಯಲ್ಲಿದ್ದೂ ಒಂದು ಅಕ್ಷರ ಕಲಿಯಲಿಲ್ಲವೆಂಬುದು ಬೇರೆಯೇ ದೂರು, ಅದನ್ನು ಇನ್ನೊಮ್ಮೆ ನೋಡೋಣ. ಸದ್ಯಕ್ಕೆ ದೊಡ್ಡಿಯಮ್ಮನವರ ಸೊಸೆ, ನನ್ನ ಶಾಲೆಯಲ್ಲೇ ಕಲಿತ ರಶ್ಮಿತಾ, ಇದನ್ನು ತಮ್ಮ ತೊಟ್ಟಿಯ ಮುಂದೆ ನಿಂತು ಗಟ್ಟಿಯಾಗಿ ಓದುತ್ತಾಳೆ. (ರಶ್ಮಿತಾ, ಅಲ್ಪವಿರಾಮ ಇದ್ದಲ್ಲಿ ನಿಲ್ಲು, ಪೂರ್ಣವಿರಾಮ ಇದ್ದಲ್ಲಿ ಉಸಿರು ತಗೋ; ಐದನೇ ಕ್ಲಾಸಿನಲ್ಲಿ ಓದುತ್ತಿದ್ದ ಹಾಗೆ ಬಸ್ಸು ತಪ್ಪಿಹೋಗುತ್ತದೆ ಎನ್ನುವವಳಂತೆ ಓದಬೇಡ.) ಜಗಲಿಯಲ್ಲಿ ಓದುವುದರಿಂದ ಒಣಮೀನಿನ ವ್ಯಾಪಾರಿಗಳೂ ಅಕ್ಕಪಕ್ಕದವರೂ ಕೇಳಿಸಿಕೊಳ್ಳುವುದು ಖಂಡಿತ. ಕೇಳಿಸಿಕೊಳ್ಳಲಿ ಎಂದೇ ನನ್ನ ಆಸೆ, ಅದರ ಕಾರಣ ಮುಂದೆ ತಿಳಿಯುತ್ತದೆ. ಫೋನಿನಲ್ಲೇ ನಾಲ್ಕು ಮಾತು ಹೇಳಿದರಾಗುವುದಿಲ್ಲವೇ ಎಂದು ನಮ್ಮ ಯಜಮಾನರಾದ ಕರಿಬಸಪ್ಪನವರು ಕೇಳಿದರು. ಫೋನಿನಲ್ಲಿ ಮಾತಾಡಿದರೆ ನನಗೆ ಅಳು ಬರುತ್ತದೆ. ಪತ್ರದಲ್ಲಾದರೆ ಬಂದರೂ ಯಾರಿಗೂ ಗೊತ್ತಾಗುವುದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ತಾವು ನಮ್ಮ ಮನೆಗೆ ದಯಮಾಡಿಸಿದ್ದು ಕುಶಾಲನಗರದ ಒಂದು ಅಂಗಡಿಯಿಂದ, ಪ್ಲಾಸ್ಟಿಕ್ ಕವರಿನಲ್ಲಿ, ನಮ್ಮ ಮಗಳು ಶಾಂಭವಿಯ ಮಡಿಲಲ್ಲಿ ಕೂತು. ಆಗ ತಾವು ನನ್ನ ಹೆಬ್ಬೆರಳಿಗಿಂತ ಗಿಡ್ಡ. ನಾವು ಕೊಂಡದ್ದು ನಾಲ್ಕು ಪುಟ್ಟ ಚಿನ್ನದ ಬಣ್ಣದ ಮೀನುಗಳನ್ನು. ತಾವು ಅಂಗಡಿಯವನು ಪ್ರೀತಿಯಿಂದ ಹಾಕಿದ ಕೊಸರು. ಎರಡನೆಯ ತಿಂಗಳಲ್ಲಿ ಒಂದು ಚಿನ್ನದ ಮೀನು ಕಾಣೆಯಾಯಿತು, ಹಾರಿ ಬಿದ್ದಿರಬೇಕೆಂದು ಸೋಫಾ ಸರಿಸಿ ಹುಡುಕಿದೆವು. ಮೂರನೆಯ ತಿಂಗಳಲ್ಲಿ ಇನ್ನೊಂದು ಹೋಯಿತು, ಪಕ್ಕದ ಮನೆಯ ಬೆಕ್ಕಿನ ಮೇಲೆ ಅನುಮಾನಪಟ್ಟು ಕಿಟಕಿಗೆ ಜಾಲರಿ ಹೊಡೆಸಿದೆವು. ಮೂರನೆಯದು ಹೋದ ಮೇಲೆ ತೊಟ್ಟಿಗೆ ಮುಚ್ಚಳ ಮಾಡಿಸಿದೆವು. ನಾಲ್ಕನೆಯದರ ಬಾಲ ತಮ್ಮ ಬಾಯಿಯ ಅಂಚಿನಿಂದ ಹೊರಗೆ ಇಣುಕುತ್ತಿದ್ದ ದಿನ ನಮಗೆಲ್ಲ ಒಟ್ಟಿಗೇ ಜ್ಞಾನೋದಯವಾಯಿತು. ಅಷ್ಟಾದರೂ ತಮ್ಮ ಮುಖದಲ್ಲಿ ಪಶ್ಚಾತ್ತಾಪದ ಸುಳಿವಿರಲಿಲ್ಲ. ಪಾಲಿಬೆಟ್ಟದ ಕಡೆ ಹಳಬರು, ಬಂಗಲೆಯ ವರಾಂಡದಲ್ಲಿ ಕೂತು ಬೇರೆಯವರು ಕೆಲಸ ಮಾಡುವುದನ್ನು ನೋಡುತ್ತಿದ್ದ ಎಸ್ಟೇಟ್ ಯಜಮಾನನನ್ನು ದೊರೆ ಎನ್ನುತ್ತಿದ್ದರಂತೆ. ನಾನು ನೆಲ ಒರೆಸುವುದನ್ನು ತಾವು ಗಾಜಿನ ಆಚೆಯಿಂದ ನೋಡುತ್ತಿದ್ದ ಠೀವಿ ಕಂಡು ಕರಿಬಸಪ್ಪನವರು ತಮಗೂ ಅದೇ ಹೆಸರಿಟ್ಟರು. ಅಂದಿನಿಂದ ತಾವು ಹೆಸರಿಗೆ ತಕ್ಕಂತೆಯೇ ನಡೆದುಕೊಂಡಿದ್ದೀರಿ.

ನಮ್ಮದು ಮೂರು ತಲೆಮಾರಿನಿಂದ ಮೊಟ್ಟೆ ಕೂಡ ಹೊಸ್ತಿಲು ದಾಟದ ಮನೆ. ನನ್ನ ಕೊರಳಲ್ಲಿ ಲಿಂಗವಿದೆ. ಇಂಥ ಮನೆಯ ಅನ್ನದ ಋಣದಲ್ಲಿರುವ ತಾವು ಅಂಗಡಿಯ ಕಾಳನ್ನು ಬಾಯಿಗಿಟ್ಟುಕೊಂಡು ನನ್ನ ಮುಖದ ನೇರಕ್ಕೆ ಉಗುಳಿದಿರಿ. ಬೇಯಿಸಿದ ಬಟಾಣಿಯನ್ನು ಸಿಪ್ಪೆ ಸುಲಿದು ಕೊಟ್ಟೆ, ಅದನ್ನೂ ಉಗುಳಿದಿರಿ. ಕೊನೆಗೆ ಕುಶಾಲನಗರದ ಅಂಗಡಿಯವನನ್ನು ಕೇಳಿದರೆ, ಉಪ್ಪು ಹಾಕದ ಒಣ ಸಿಗಡಿ ನೆನೆಸಿ ಕೊಡಿ ಎಂದ. ಹೀಗೆ ನಾನು, ಊರಿಗೆಲ್ಲ ಗೊತ್ತಿರುವ ಟೀಚರಮ್ಮ, ಭಾನುವಾರದ ಸಂತೆಯಲ್ಲಿ ಸೆರಗು ತಲೆಗೆಳೆದುಕೊಂಡು ಒಣಮೀನಿನ ಸಾಲಿಗೆ ಹೋಗುವಂತಾಯಿತು. ಸಾಲಿನ ಕೊನೆಯಲ್ಲಿ ಕೂತಿದ್ದ ದೊಡ್ಡಿಯಮ್ಮನವರು ನನ್ನನ್ನು ನೋಡಿ ಏನನ್ನೂ ಕೇಳಲಿಲ್ಲ. ಪೊಟ್ಟಣವನ್ನು ಎರಡು ಪದರ ಪೇಪರಿನಲ್ಲಿ ಸುತ್ತಿ, ಮೇಲೆ ಒಂದು ಕಟ್ಟು ಕೊತ್ತಂಬರಿ ಸೊಪ್ಪು ಇಟ್ಟು, ಯಾರಿಗೂ ಕಾಣದಂತೆ ನನ್ನ ಚೀಲದೊಳಗೆ ಇಳಿಸಿದರು. ಏಳು ವರ್ಷ ಪ್ರತಿ ಭಾನುವಾರವೂ ಹೀಗೇ ನಡೆಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಸ್ಥಿತಿ ನನ್ನದಾಯಿತು. ಪೋಷಕರ ಸಭೆಯಲ್ಲಿ ಯಾರಾದರೂ ನಕ್ಕರೆ ಸಿಗಡಿಯ ನಗುವೇ ಇರಬೇಕೆಂದು ಅನಿಸುತ್ತಿತ್ತು. ಮೊನ್ನೆ ನನ್ನ ಬೀಳ್ಕೊಡುಗೆಯ ದಿನ ಒಬ್ಬ ತಾಯಿ ಶಾಲಿನ ಮಡಿಕೆಯೊಳಗೆ ಒಂದು ಬಾಟಲಿ ಮೀನಿನ ಉಪ್ಪಿನಕಾಯಿ ಇಟ್ಟು ಕೊಟ್ಟು, ಕಣ್ಣಲ್ಲೇ ಸಮಾಧಾನ ಹೇಳಿದರು. ಅದಕ್ಕೇ ಈ ಪತ್ರ ಬಹಿರಂಗ. ಸಾಲಿನ ಸಮಸ್ತ ಬಂಧುಗಳು ದಯವಿಟ್ಟು ಕೇಳಿಸಿಕೊಳ್ಳಬೇಕು: ಆ ಸಿಗಡಿ ಒಂದೂ ನನ್ನ ಬಾಯಿಗೆ ಹೋಗಿಲ್ಲ, ಎಲ್ಲವೂ ಈಗ ತಮ್ಮೆದುರು ಮಲಗಿರುವ ಈ ಮಹಾನುಭಾವರ ಹೊಟ್ಟೆಗೆ ಹೋಗಿದೆ. (ರಶ್ಮಿತಾ, ಈ ವಾಕ್ಯವನ್ನು ಎರಡು ಸಲ ಓದು.)

ಆದರೂ ನ್ಯಾಯವಾಗಿ ಹೇಳಬೇಕಾದ ಒಂದು ಮಾತಿದೆ. ಒಂದು ಆಗಸ್ಟ್ ತಿಂಗಳಲ್ಲಿ ಗಾಳಿಮಳೆಗೆ ಮರಗಳು ಉರುಳಿ ಕಂಬಗಳು ಮುರಿದು ನಾಲ್ಕು ದಿನ ಕರೆಂಟ್ ಇರಲಿಲ್ಲ. ಆಗಿನ್ನೂ ಲೈನ್‌ಮನ್ ಕೆಲಸದಲ್ಲಿದ್ದ ಕರಿಬಸಪ್ಪನವರು ಊರಿನ ಕಂಬ ಎತ್ತಲು ಹೋಗಿದ್ದರು, ಸ್ವಂತ ಮನೆಯಲ್ಲಿ ಗಾಳಿಯ ಪಂಪು ನಿಂತಿತ್ತು. ತಾವು ನೀರಿನ ಮೇಲ್ಭಾಗಕ್ಕೆ ಬಂದು ಬಾಯಿ ಬಾಯಿ ಬಿಡುತ್ತಿದ್ದಿರಿ. ನೀರನ್ನು ಎತ್ತಿ ಎತ್ತಿ ಸುರಿದರೆ ಗಾಳಿ ಬೆರೆಯುತ್ತದೆ ಎಂದು ಎಲ್ಲೋ ಓದಿದ್ದೆ. ಸ್ಟೂಲಿನ ಮೇಲೆ ನಿಂತು, ಒಂದು ಚೊಂಬಿನಲ್ಲಿ ತಮ್ಮದೇ ನೀರನ್ನು ಮೊಗೆದು ಮೇಲಿನಿಂದ ಸುರಿಯತೊಡಗಿದೆ. ಎಷ್ಟಾಯಿತೆಂಬ ಲೆಕ್ಕಕ್ಕೆ ಮಗ್ಗಿ ಹೇಳಿಕೊಂಡೆ, ಹತ್ತು ಚೊಂಬಿಗೆ ಒಂದು ಮಗ್ಗಿ. ಎರಡರ ಮಗ್ಗಿಯಿಂದ ಹೊರಟು ಹದಿನೇಳರ ಮಗ್ಗಿಗೆ ಬರುವ ಹೊತ್ತಿಗೆ ತಮ್ಮ ಬಾಯಿ ನಿಧಾನವಾಗುತ್ತಿತ್ತು. ನಾನೂ ಶಾಂಭವಿಯೂ ಪಾಳಿ ಹಾಕಿಕೊಂಡು ಕರೆಂಟ್ ಬರುವತನಕ ಸುರಿದೆವು. ಅಂದಿನಿಂದ ನಾನು ಎಲ್ಲಿ ನಿಂತು ಹದಿನೇಳೊಂದ್ಲ ಹದಿನೇಳು ಎಂದರೂ ತಾವು ಗಾಜಿನ ಆ ಮೂಲೆಗೆ ಬಂದು ರೆಕ್ಕೆ ಬಿಚ್ಚಿ ನಿಲ್ಲುತ್ತಿದ್ದಿರಿ. ಇಪ್ಪತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಮಗ್ಗಿ ಹೇಳಿದರೆ ಓಡಿಹೋಗದೆ ಹತ್ತಿರ ಬಂದ ವಿದ್ಯಾರ್ಥಿ ತಾವೊಬ್ಬರೇ.

ಹೀಗಿರುವಾಗ ನನಗೆ ಸೋಮವಾರಪೇಟೆಯ ಕಡೆಗೆ ವರ್ಗವಾಯಿತು. ಶಾಲೆ ಶುರುವಾಗುವ ಮುಂಚೆ ಮನೆ ಆಗಬೇಕಿತ್ತು. ಸಣ್ಣಸ್ವಾಮಿ ಎಂಬ ಹಿರಿಯರ ಮಹಡಿಯ ಮೇಲೆ ಒಳ್ಳೆಯ ಮನೆ ಸಿಕ್ಕಿತು: ಶಾಲೆಗೆ ಐದು ನಿಮಿಷದ ನಡಿಗೆ, ಹಿಂದೆ ಬಟ್ಟೆ ಒಣಗಿಸಲು ಜಾಗ, ಟಿ.ವಿ. ಪಕ್ಕದಲ್ಲಿ ಸರಿಯಾಗಿ ನಾಲ್ಕಡಿಯ ಗೋಡೆ. ಆ ಗೋಡೆ ನೋಡಿಯೇ ನಾನು ಒಪ್ಪಿದ್ದು. ಗೇಟಿನಲ್ಲಿ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡಿತ್ತು, ಅದು ನಮಗೆ ಅನುಕೂಲವೇ ಎಂದು ಬೀಗಿಕೊಂಡೆ. ಸಣ್ಣಸ್ವಾಮಿಯವರು ಒಂದು ಫಾರಂ ಕೊಟ್ಟು, ಮನೆಯಲ್ಲಿರುವವರ ಹೆಸರು, ವಯಸ್ಸು, ಸಂಬಂಧ, ಆಹಾರ ಪದ್ಧತಿ ತುಂಬಿಸಿಕೊಡಲು ಹೇಳಿದರು.

ನನ್ನ ತಪ್ಪು ನಡೆದದ್ದು ಇಲ್ಲಿ. ಮೇಷ್ಟ್ರುಗಳೆಂದರೆ ಪಾಠ ಮಾಡುವವರೆಂದು ಲೋಕ ತಿಳಿದಿದೆ, ನಿಜವಾಗಿ ನಾವು ಮನೆ ಮನೆ ಸುತ್ತಿ ಫಾರಂ ತುಂಬುವವರು. ಜನಗಣತಿ, ಮತದಾರರ ಪಟ್ಟಿ, ಸಮೀಕ್ಷೆ, ಆ ಸಮೀಕ್ಷೆ ಸರಿಯಿಲ್ಲವೆಂದು ಮರುಸಮೀಕ್ಷೆ, ಎಲ್ಲದರ ತರಬೇತಿಯಲ್ಲೂ ನಮ್ಮ ತಲೆಗೆ ಹೊಡೆದು ಕೂರಿಸಿರುವ ಎರಡೇ ನಿಯಮ, ಯಾವ ಕಾಲಮ್ಮನ್ನೂ ಖಾಲಿ ಬಿಡಬಾರದು, ಮನೆಯಲ್ಲಿ ವಾಸವಿರುವ ಯಾರನ್ನೂ ಕೈಬಿಡಬಾರದು. ಪೆನ್ನು ಕೈಗೆ ಬಂತು, ಕೈ ತಾನಾಗಿ ಬರೆಯಿತು. ಕರಿಬಸಪ್ಪ, ಅರವತ್ತೊಂದು, ಸಸ್ಯಾಹಾರಿ. ಸುಲೋಚನಮ್ಮ, ಐವತ್ತಾರು, ಸಸ್ಯಾಹಾರಿ. ಶಾಂಭವಿ, ಇಪ್ಪತ್ತೆರಡು, ಮೈಸೂರಿನ ಹಾಸ್ಟೆಲಿನಲ್ಲಿದ್ದು ರಜೆಗೆ ಬರುವವಳು, ಸಸ್ಯಾಹಾರಿ. ದೊರೆ, ಏಳು, ಅವಲಂಬಿತ, ಮಾಂಸಾಹಾರಿ. ಕೆಳಗೆ ಸಹಿ ಮಾಡಿ, ಅಭ್ಯಾಸಬಲದಿಂದ ದಿನಾಂಕವನ್ನೂ ಹಾಕಿದೆ.

ಸಣ್ಣಸ್ವಾಮಿಯವರು ಕನ್ನಡಕ ಏರಿಸಿ ಮೂರು ಸಲ ಓದಿ, "ಈ ದೊರೆ ಅನ್ನೋ ಹುಡುಗ ಯಾರಮ್ಮ? ಏಳು ವರ್ಷಕ್ಕೇ ಕೆಟ್ಟೋಗವ್ನಲ್ಲ" ಎಂದರು. ಮೀನು ಎಂದು ಹೇಳಿದೆ. ಅದರಿಂದ ಪರಿಸ್ಥಿತಿ ಸುಧಾರಿಸಲಿಲ್ಲ. "ಮೀನು ತಿನ್ನೋರಿಗೆ ಮನೆ ಕೊಡಲ್ಲ ಅಂತ ಬೋರ್ಡು ಹಾಕಿರೋನು ನಾನು. ಈಗ ಮೀನ್ನೇ ತಲೆ ಮೇಲೆ ಕೂರಿಸ್ಕೊಂಡು ಕೆಳಗೆ ಪೂಜೆ ಮಾಡ್ಲಾ? ಅದೂ ಮೀನು ತಿನ್ನೋ ಮೀನು! ಆಗಲ್ಲ ಕಣಮ್ಮ, ಅದನ್ನ ಬಿಟ್ಟು ಬರೋದಾದ್ರೆ ಬನ್ನಿ" ಎಂದರು. ಕರಿಬಸಪ್ಪನವರು ಹೊರಗೆ ಬಂದ ಮೇಲೆ, ಲೈನ್‌ಮನ್ ಆದವನು ತಂತಿಯನ್ನು ಎಲ್ಲಿ ಮುಟ್ಟಬಾರದೆಂದು ಕಲಿಯುತ್ತಾನೆ, ಟೀಚರಾದವಳು ಅದನ್ನು ಕಲಿಯುವುದಿಲ್ಲ ಎಂದರು. ಊರಿನಲ್ಲಿ ಬೇರೆ ಮನೆ ಹುಡುಕಿದೆವು. ಸಿಕ್ಕವು ಚಿಕ್ಕವು, ಇಲ್ಲವೇ ದೂರದವು, ಶಾಲೆಗೆ ದಿನ ಉಳಿದಿರಲಿಲ್ಲ. ಕೊನೆಗೆ ತಮಗೇ ಒಂದು ಮನೆ ನೋಡುವುದೆಂದಾಯಿತು.

ಕುಶಾಲನಗರದ ಅಂಗಡಿಯವನು, ಇಷ್ಟು ದೊಡ್ಡದನ್ನು ಯಾರೂ ಕೊಳ್ಳುವುದಿಲ್ಲ, ಇಡಲು ಜಾಗವೂ ಇಲ್ಲ ಎಂದು ಕೈ ಅಲ್ಲಾಡಿಸಿದ. ಸಾಮಾನಿನ ಲಾರಿ ಹೇಗೂ ಕುಶಾಲನಗರದ ಮೇಲೆ ಹೋಗುತ್ತದೆ, ಹಾರಂಗಿಯ ಹಿನ್ನೀರಿಗೆ ಬಿಟ್ಟುಬಿಡೋಣ ಎಂದರು ಕರಿಬಸಪ್ಪನವರು. ಪರದೇಶದ ಮೀನನ್ನು ನಮ್ಮ ನೀರಿಗೆ ಬಿಟ್ಟರೆ ನಮ್ಮ ಮೀನುಗಳ ಗತಿಯೇನು ಎಂದು ಪರಿಸರ ದಿನದಂದು ಭಾಷಣ ಮಾಡುವವಳು ನಾನು, ಒಂದು ಮನೆಯ ನಾಲ್ಕು ಮೀನನ್ನು ನುಂಗಿದವರಿಗೆ ಒಂದು ಅಣೆಕಟ್ಟನ್ನೇ ಬಡಿಸಿಕೊಡಲಾರೆ ಎಂದುಬಿಟ್ಟೆ. ಪಕ್ಕದ ಮನೆಯ ಬೆಳ್ಯಪ್ಪನವರು, ಉದಾರಿಗಳು, ಪಾಲಿಬೆಟ್ಟದಲ್ಲಿ ಎಸ್ಟೇಟು ಇರುವವರು, "ಎಂತ ಯೋಚನೆ ಮಾಡ್ತೀರಿ ಟೀಚರೇ, ನಮ್ಮ ತೋಟದಲ್ಲಿ ನಾಲ್ಕೂ ಕಡೆ ಏರಿ ಕಟ್ಟಿದ ಕೆರೆ ಉಂಟಲ್ಲ" ಎಂದರು. ಹೊಳೆಗೆ ಸೇರದ ನೀರಾದ್ದರಿಂದ ನನಗೂ ಆಸೆಯಾಯಿತು. ಆದರೆ ಅವರು ಪ್ರಾಮಾಣಿಕರೂ ಹೌದು. "ಒಂದು ಮಾತು ಈಗಲೇ ಹೇಳ್ತೇನೆ, ಆಮೇಲೆ ಬೇಜಾರು ಮಾಡಬಾರದು. ನೀರಲ್ಲಿ ಇರುವವರೆಗೆ ಅದು ನಿಮ್ಮ ಮೀನು, ಗಾಳಕ್ಕೆ ಬಿದ್ದರೆ ನಮ್ಮದು" ಎಂದರು. ಆ ಹೊತ್ತಿಗೆ ಒಳಗಿನಿಂದ ಅವರ ಮನೆಯವರು ಕಾಚಂಪುಳಿ ಹಾಕಿ ಕುದಿಸಿದ ಮೀನು ಸಾರಿನ ಹುಳಿ ವಾಸನೆ ಬರುತ್ತಿತ್ತು. ನಾನು ಕಾಫಿ ಕುಡಿದು ಎದ್ದು ಬಂದೆ.

ಉಳಿದವರು ಹಲ್ಲಿನ ಡಾಕ್ಟರ್ ತೀರ್ಥಪ್ರಸಾದ್. ಅವರ ಕ್ಲಿನಿಕ್ಕಿನಲ್ಲಿ ಕಾಯುವವರು ಭಯದಿಂದ ಗೋಡೆ ನೋಡುತ್ತಾ ಕೂರುತ್ತಾರೆ, ಅಲ್ಲೊಂದು ಮೀನಿದ್ದರೆ ನೋವು ಮರೆತಾರು ಎಂದು ಅವರೇ ಆಸೆಪಟ್ಟರು. ಇದಕ್ಕಿಂತ ಒಳ್ಳೆಯ ಉದ್ಯೋಗ ತಮಗೆ ಸಿಗುತ್ತಿರಲಿಲ್ಲ. ದಿನವಿಡೀ ಬೇರೆಯವರು ನರಳುವುದನ್ನು ನೋಡುತ್ತಾ ತೇಲುವುದು ತಮ್ಮ ಸ್ವಭಾವಕ್ಕೆ ಹೇಳಿ ಮಾಡಿಸಿದಂತಿತ್ತು. ಡಾಕ್ಟರು ಅಳತೆಯ ಟೇಪು ಹಿಡಿದು ಹೊಸ್ತಿಲೊಳಗೆ ಕಾಲಿಟ್ಟರು, ತಾವು ಮಗ್ಗುಲಾಗಿ ತಳಕ್ಕೆ ಬಿದ್ದಿರಿ. ಕಿವಿರು ಕೂಡ ಆಡುವುದು ಕಾಣಿಸದಂತೆ ಬಿದ್ದಿರಿ. ಡಾ. ತೀರ್ಥಪ್ರಸಾದ್ ಟೇಪನ್ನು ಜೇಬಿಗೆ ಹಾಕಿ, ತಲೆ ತಗ್ಗಿಸಿ ಒಂದು ನಿಮಿಷ ನಿಂತು, "ಎಂತ ಮಾಡುದು ಟೀಚರೇ, ಬೇಜಾರು ಮಾಡಿಕೊಳ್ಳಬೇಡಿ, ಅದರ ಆಯಸ್ಸು ಇದ್ದದ್ದೇ ಅಷ್ಟು" ಎಂದು ಹೊರಟರು. ಗೇಟಿನ ಚಿಲಕ ಬಿದ್ದ ಸದ್ದು ಕೇಳಿಸಿದ್ದೇ ತಾವೆದ್ದು ಗಾಜಿಗೆ ಮೂತಿ ಕುಟ್ಟಿ ಸಿಗಡಿ ಕೇಳಿದಿರಿ. ಮರುದಿನ ಅವರನ್ನು ಮತ್ತೆ ಕರೆಸಿದೆ, ಮತ್ತೆ ಸತ್ತಿರಿ. ತಮ್ಮ ಜಾತಿಗೆ ಮನಸ್ಸು ಕೆಟ್ಟರೆ ಹೀಗೆ ಮಲಗುವ ಅಭ್ಯಾಸವಿದೆಯೆಂದು ವಿವರಿಸಿದೆ. ಮುನಿಸಿಕೊಳ್ಳುವವರು ತನಗೆ ಮನೆಯಲ್ಲೇ ಸಾಕಷ್ಟಿದ್ದಾರೆ ಎಂದು ಡಾಕ್ಟರು ನಮಸ್ಕಾರ ಮಾಡಿದರು.

ಸಾಮಾನು ಕಟ್ಟಲು ನಾಲ್ಕು ದಿನ ಉಳಿದಿತ್ತು. ಒಂದೊಂದು ಪೆಟ್ಟಿಗೆ ಕಟ್ಟಿದಂತೆಲ್ಲ ತಾವು ಮಲಗುವುದು ಹೆಚ್ಚಾಯಿತು. ಶಾಂಭವಿ ಮೈಸೂರಿನಿಂದ ದಿನಕ್ಕೆ ಎರಡು ಸಲ ಫೋನ್ ಮಾಡಿ ಮನೆ ಸಿಕ್ಕಿತಾ ಎಂದು ಕೇಳುತ್ತಿದ್ದಳು. ನನಗೋ ಅತ್ತ ದರಿ ಇತ್ತ ಪುಲಿ. ಕೊನೆಯ ಭಾನುವಾರ ಸಂತೆಗೆ ಹೋದವಳು, ದೊಡ್ಡಿಯಮ್ಮನವರಿಗೆ ಇನ್ನು ಮುಂದೆ ಸಿಗಡಿ ಬೇಡವೆಂದು ಹೇಳಿದೆ. ಅವರು ಆಚೀಚೆ ನೋಡಿ ದನಿ ತಗ್ಗಿಸಿ, "ಬಿಟ್ಟುಬಿಟ್ರಾ ಟೀಚರಮ್ಮ? ಆಗ್ಲಿ ಬಿಡಿ, ಒಳ್ಳೇದೇ. ಏಳು ವರ್ಷ ನಾನು ಒಬ್ಬರ ಹತ್ರ ಬಾಯಿ ಬಿಟ್ಟಿಲ್ಲ, ನನ್ನ ಸೊಸೆ ಹತ್ರಾನೂ ಹೇಳಿಲ್ಲ" ಎಂದರು. ಕೊತ್ತಂಬರಿ ಸೊಪ್ಪಿನ ಅರ್ಥ ನನಗೆ ಆಗ ತಿಳಿಯಿತು. ಸಿಟ್ಟು ಬರಬೇಕಿತ್ತು, ಬರಲಿಲ್ಲ. ಇಷ್ಟು ಮರ್ಯಾದೆಯಿಂದ ನನ್ನ ಗುಟ್ಟು ಕಾಯ್ದವರು ಇನ್ನೊಬ್ಬರಿಲ್ಲ, ಇದ್ದ ಗುಟ್ಟು ಸುಳ್ಳೆಂಬುದೊಂದೇ ಕೊರತೆ. ಅದು ನನಗಲ್ಲ, ಮನೆಯ ಮೀನಿಗೆ ಎಂದೆ. ಅವರು ನನ್ನ ಕೈ ತಟ್ಟಿ, "ಆಯ್ತು, ಮೀನಿಗೇ ಅಂತ ಇಟ್ಕೊಳ್ಳಿ" ಎಂದರು. ನಾನು ಅವರನ್ನು ಅಂಗಡಿಯಿಂದ ಎಬ್ಬಿಸಿ, ಚೀಲಗಳಿಗೆ ಪಕ್ಕದವರನ್ನು ಕಾವಲಿಟ್ಟು, ಸಾಕ್ಷಿ ತೋರಿಸಲು ನೇರ ಮನೆಗೆ ಕರೆದುಕೊಂಡು ಬಂದೆ.

ತಾವು ಎಂದಿನಂತೆ ಸತ್ತಿದ್ದಿರಿ. ದೊಡ್ಡಿಯಮ್ಮನವರು ಸೆರಗಿಗೆ ಕೈ ಒರೆಸಿಕೊಂಡು ಗಾಜಿನ ಹತ್ತಿರ ಬಗ್ಗಿದರು, ಮುಚ್ಚಳ ಸರಿಸಿ ಎರಡು ಬೆರಳನ್ನು ನೀರಿಗೆ ಅದ್ದಿದರು. ಮೂವತ್ತು ವರ್ಷದ ಒಣಮೀನು ಆ ಬೆರಳುಗಳಲ್ಲಿತ್ತು. ತಾವು ಒಂದು ಸಲ ಕಿವಿರು ಆಡಿಸಿದಿರಿ, ನೆಟ್ಟಗಾದಿರಿ, ಮೇಲೆ ಬಂದು ಆ ಬೆರಳನ್ನು ಮೆಲ್ಲಗೆ ಬಾಯಲ್ಲಿ ಹಿಡಿದು ಬಿಟ್ಟಿರಿ. ದೊಡ್ಡಿಯಮ್ಮನವರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಅಯ್ಯೋ ನನ್ನಪ್ಪ, ಇವ್ನಾ ನನ್ನ ಗಿರಾಕಿ!" ಎಂದರು. ತಮಗೆ ಮನೆಯಿಲ್ಲದ ಕಥೆಯನ್ನು ನಾನು ಹೇಳಿದೆ. ಅವರು ಯೋಚಿಸಲೇ ಇಲ್ಲ. "ಏಳು ವರ್ಷದ ಗಿರಾಕೀನ ಬೀದಿಗೆ ಬಿಡಕ್ಕಾಗ್ತದಾ ಟೀಚರಮ್ಮ? ನಮ್ಮ ಜಗಲೀಲಿ ಇಟ್ಟುಬಿಡಿ. ದಿನಾ ಸಾವಿರ ಸತ್ತ ಮೀನು ನೋಡ್ತೀನಿ, ಬದುಕಿರೋದು ಒಂದು ಇರ್ಲಿ" ಎಂದರು. ನಾನು ಅಡುಗೆಮನೆಗೆ ಹೋಗಿ ಅವರಿಗೆ ಕಾಫಿ ಬೆರೆಸುವ ನೆವದಲ್ಲಿ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಗುರುವಾರ ತಮ್ಮ ಸ್ಥಳಾಂತರ ನಡೆಯಿತು. ಹಳೆಯ ನೀರನ್ನು ಕೊಡಗಳಲ್ಲಿ ತುಂಬಿ, ಫಿಲ್ಟರಿನ ಸ್ಪಂಜು ಒಣಗದಂತೆ ಅದೇ ನೀರಿನಲ್ಲಿಟ್ಟು, ತಮ್ಮನ್ನು ಮುಚ್ಚಳವಿರುವ ದೊಡ್ಡ ಬಕೆಟ್ಟಿನಲ್ಲಿ ಕೂರಿಸಿ, ಬೆಳ್ಯಪ್ಪನವರ ಜೀಪಿನಲ್ಲಿ ಮೆರವಣಿಗೆ ಮಾಡಿದೆವು. ಬಕೆಟ್ಟು ನನ್ನ ಕಾಲುಗಳ ನಡುವೆ ಇತ್ತು, ದಾರಿಯುದ್ದಕ್ಕೂ ತಾವು ಮುಚ್ಚಳಕ್ಕೆ ಗುದ್ದುತ್ತಿದ್ದಿರಿ. ತೊಟ್ಟಿ ಜೋಡಿಸಿ, ನೀರು ತಿಳಿಯಾದ ಮೇಲೆ ತಮ್ಮನ್ನು ಬಿಟ್ಟೆವು. ನಾನು ಬರುತ್ತೇನೆಂದು ಹೇಳಿದಾಗ ತಾವು ನನಗೆ ಬೆನ್ನು ಹಾಕಿ ಮಲಗಿದಿರಿ. ಆಗಿನಿಂದ ಎದ್ದಿಲ್ಲವಂತೆ.

ಮಾನ್ಯರೇ, ಇದು ನ್ಯಾಯವೇ? ನಾನೇನು ಇಲ್ಲಿ ಸುಖವಾಗಿದ್ದೇನೆಂದು ತಿಳಿದಿರಾ? ನಾಲ್ಕಡಿಯ ಗೋಡೆ ಖಾಲಿ ಇದೆ. ಸಂಜೆ ಆರು ಗಂಟೆಗೆ ಕೈ ತಾನಾಗಿ ಸಿಗಡಿಯ ಡಬ್ಬಿ ಹುಡುಕುತ್ತದೆ. ಡಬ್ಬಿಯನ್ನು ದೊಡ್ಡಿಯಮ್ಮನವರಿಗೆ ಕೊಟ್ಟು ಬರಬೇಕಿತ್ತು; ಕೊಡಲಿಲ್ಲ, ಯಾಕೆಂದು ಕೇಳಬೇಡಿ. ಅದೀಗ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಬೋರ್ಡಿನ ಮನೆಯಲ್ಲಿ, ನನ್ನ ಟ್ರಂಕಿನೊಳಗೆ, ರೇಷ್ಮೆ ಸೀರೆಯ ಕೆಳಗಿದೆ. ಸಣ್ಣಸ್ವಾಮಿಯವರ ಬೆಕ್ಕೊಂದು ನಾವು ಬಂದ ದಿನವೇ ಮಹಡಿ ಹತ್ತಿ ಬಂದು ಆ ಟ್ರಂಕಿನ ಪಕ್ಕ ಕೂತಿತು, ಎಲ್ಲಿಗೆ ಹೋದರೂ ಮತ್ತೆ ಅಲ್ಲಿಗೇ ಬಂದು ಕೂರುತ್ತದೆ. ನಿಮ್ಮ ಮನೆಯ ಸಾತ್ವಿಕ ವಾತಾವರಣ ಮೂಕಪ್ರಾಣಿಗೂ ಹಿಡಿಸಿದೆ ಎಂದು ಸಣ್ಣಸ್ವಾಮಿಯವರು ಸಂತೋಷಪಟ್ಟರು. ಅದೇ ಬೆಕ್ಕು ನಿನ್ನೆ ಬೆಳಿಗ್ಗೆ ಒಂದು ಇಲಿಯನ್ನು ತಂದು ಅವರ ಹೊಸ್ತಿಲ ರಂಗೋಲಿಯ ಮೇಲಿಟ್ಟು ತಿಂದಿತು. ನಾನು ಒಂದು ಖಾಲಿ ಫಾರಂ ಬರೆದು, ಹೆಸರು, ವಯಸ್ಸು, ಸಂಬಂಧ, ಆಹಾರ ಪದ್ಧತಿ ತುಂಬಿಸಿಕೊಡಬೇಕೆಂದು ಅವರಿಗೆ ಕೊಟ್ಟಿದ್ದೇನೆ. ಇನ್ನೂ ವಾಪಸು ಬಂದಿಲ್ಲ.

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಈ ಪತ್ರ ಓದಿ ಮುಗಿಯುವುದರೊಳಗೆ ತಾವು ಎದ್ದು ಊಟ ಮಾಡಬೇಕು. ಬಾಯಿಗಿಟ್ಟದ್ದನ್ನು ಆ ಮನೆಯವರ ಮುಖಕ್ಕೆ ಉಗುಳಬಾರದು, ಅವರು ಟೀಚರಲ್ಲ, ಸಹಿಸಿಕೊಳ್ಳುವ ತರಬೇತಿ ಅವರಿಗಿಲ್ಲ. ಅವರ ಜಗಲಿಯಲ್ಲಿ ಕರೆಂಟ್ ಹೋದಾಗ ರಶ್ಮಿತಾ ಚೊಂಬು ಹಿಡಿಯುತ್ತಾಳೆ, ಅವಳ ಮಗ್ಗಿ ಹನ್ನೆರಡರ ಮೇಲೆ ಹೋಗುವುದಿಲ್ಲ, ಅಷ್ಟಕ್ಕೇ ಸಮಾಧಾನಪಟ್ಟುಕೊಳ್ಳಬೇಕು. ತಮ್ಮನ್ನು ಬಿಟ್ಟುಹೋದೆನೆಂಬ ಸಿಟ್ಟನ್ನು ಬಿಡಬೇಕು. ಒಂದು ಕಾಲಮ್ಮನ್ನು ಖಾಲಿ ಬಿಡಲಾರದವಳು ತಮ್ಮನ್ನು ಬಿಡಬೇಕಾಯಿತಲ್ಲ ಎಂಬುದನ್ನು ತಾವು ಯೋಚಿಸಿ ನೋಡಬೇಕು. ನನ್ನನ್ನು ಮರೆಯಬೇಕು, ಆದರೆ ಪೂರ್ತಿ ಮರೆಯಬಾರದು. ನೂರಕ್ಕೆ ಮೂವತ್ತೈದು ನೆನಪಿಟ್ಟುಕೊಂಡರೆ ಪಾಸು ಮಾಡುತ್ತೇನೆ. ಇಷ್ಟು ಹೇಳಿಯೂ ತಾವು ಏಳದಿದ್ದರೆ, ರಶ್ಮಿತಾ, ಹದಿನೇಳರ ಮಗ್ಗಿಯನ್ನು ಹಾಳೆಯ ಹಿಂದೆ ಬರೆದಿದ್ದೇನೆ, ನೋಡಿಕೊಂಡು ಹೇಳು. ಗಟ್ಟಿಯಾಗಿ ಹೇಳು.

ಏಳು ವರ್ಷ ತಮ್ಮ ನೀರು ಬದಲಿಸಿ, ತಮಗಾಗಿ ಹೆಸರು ಕೆಡಿಸಿಕೊಂಡು, ಇಂದಿಗೂ ತಮ್ಮ ವಿಶ್ವಾಸಿಯಾಗಿ ಉಳಿದಿರುವ,

ಸುಲೋಚನಮ್ಮ

ತಾ.ಕ.: ಮೇಲಿನದನ್ನು ಬರೆದು, ಫೋಟೊ ತೆಗೆದು ರಶ್ಮಿತಾಳ ಫೋನಿಗೆ ಕಳಿಸಬೇಕೆನ್ನುವಷ್ಟರಲ್ಲಿ ದೊಡ್ಡಿಯಮ್ಮನವರ ಫೋನ್ ಬಂತು. ಹಾಕಿದ ಸಿಗಡಿ ಎಲ್ಲಿ ಹೋಗುತ್ತಿದೆ, ಫಿಲ್ಟರು ಎಳೆದುಕೊಳ್ಳುತ್ತಿದೆಯೋ ಏನೋ ಎಂದು ಅನುಮಾನ ಬಂದು ಇಂದು ಅತ್ತೆ ಸೊಸೆ ಇಬ್ಬರೂ ಬಾಗಿಲ ಹಿಂದೆ ಅಡಗಿ ನಿಂತಿದ್ದರಂತೆ. ಜಗಲಿ ಖಾಲಿಯಾದದ್ದನ್ನು ನೋಡಿಕೊಂಡು ತಾವು ನೆಟ್ಟಗೆದ್ದು, ಒಂದೂ ಬಿಡದೆ ಎಲ್ಲವನ್ನೂ ತಿಂದು, ಹೆಜ್ಜೆ ಸದ್ದು ಕೇಳಿಸಿದೊಡನೆ ಮತ್ತೆ ಮಗ್ಗುಲಾದಿರಂತೆ. ಶುಕ್ರವಾರದಿಂದಲೂ ಇದೇ ನಡೆದಿರಬೇಕೆಂದು ಅವರ ಅಂದಾಜು. ಹೊರಗೆ ಉಪವಾಸ, ಒಳಗೊಳಗೆ ಸಿಗಡಿ! ಏಳು ವರ್ಷ ಊರು ನನ್ನ ಮೇಲೆ ಹೊರಿಸಿದ್ದ ಅಪವಾದವನ್ನು ತಾವು ಮೂರೇ ದಿನದಲ್ಲಿ ಮಾಡಿ ತೋರಿಸಿದ್ದೀರಿ. ಈ ಮೂರು ದಿನ ತಮಗಾಗಿ ಸುರಿಸಿದ ಕಣ್ಣೀರನ್ನು ಈ ಪತ್ರ ಮುಟ್ಟಿದ ಏಳು ದಿನಗಳೊಳಗೆ ಹಿಂದಿರುಗಿಸತಕ್ಕದ್ದು. ಅದನ್ನು ತೆಗೆದುಕೊಂಡು ಹೋಗಲು ಮುಂದಿನ ಭಾನುವಾರ ಸಂತೆಯ ಬಸ್ಸಿಗೆ ನಾನೇ ಬರುತ್ತೇನೆ, ಡಬ್ಬಿ ಸಮೇತ. ಆ ದಿನ ಮಾತ್ರ ನಾನು ಜಗಲಿ ಹತ್ತುವ ಹೊತ್ತಿಗೆ ದಯವಿಟ್ಟು ಮಲಗಿಯೇ ಇರಬೇಕು. ನನ್ನನ್ನು ನೋಡಿ ಎದ್ದಿರೆಂದು ನಾನು ಎಲ್ಲರಿಗೂ ಹೇಳಿಕೊಳ್ಳಬೇಕಾಗಿದೆ.